ಅಜ್ಜನ ಗಾಡಿಯ ಕ್ಲಚ್ಚು

ಆಗೆಲ್ಲ ಬ್ಯಾಡಗಿಯ ನಮ್ಮ ಓಣಿಯಲ್ಲಿ ಸಂಕ್ರಾಂತಿ ಹತ್ತಿರ ಬಂತೆಂದು ತಿಳಿಯಲು ಕ್ಯಾಲೆಂಡರ್ ಬೇಕಿರಲಿಲ್ಲ, ಖಾರದ ಘಾಟಿಗೆ ಬರುವ ಒಂದು ಸೀನು ಸಾಕಿತ್ತು. ಮಾಳಿಗೆಯ ತುಂಬ ಮೆಣಸಿನಕಾಯಿ ಒಣಗುತ್ತಿತ್ತು. ಕೆಳಗೆ ಅಜ್ಜಿ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುತ್ತಿದ್ದಳು. ಮೊಬೈಲ್ ಫೋನು ಊರಿಗೆ ಆಗಷ್ಟೇ ಕಾಲಿಡುತ್ತಿದ್ದ ಕಾಲ ಅದು.

ಪ್ರತಿ ಸಂಕ್ರಾಂತಿಗೂ ಅಜ್ಜ ತನ್ನ ಹಳೆಯ ಮೋಟರ್ ಸೈಕಲ್ ಮೇಲೆ ಅಜ್ಜಿಯನ್ನು ಕರ್ಜಗಿಯ ಹೊಳೆಗೆ ಕರೆದೊಯ್ಯುತ್ತಿದ್ದ. ಬುತ್ತಿಗಂಟು ಅವಳ ತೊಡೆಯ ಮೇಲೆ, ನಾನು ಪೆಟ್ರೋಲ್ ಟಾಕಿಯ ಮೇಲೆ. ಆ ವರ್ಷ ಕ್ಲಚ್ ಸುಟ್ಟುಹೋಗಿತ್ತು. ಅಜ್ಜ ಕಾರ್ಕಿನ ಹೊಸ ಪ್ಲೇಟು ತರಿಸಿ ತಾನೇ ಜೋಡಿಸಲು ಕೂತ. ಅವನ ಕೈ ಆಗಲೇ ಸಣ್ಣಗೆ ನಡುಗುತ್ತಿತ್ತು.

"ಈ ಸಲ ಆಗಲಿಲ್ಲಂದ್ರ ಗುಜರಿಯವಗ ಮೋಡಕಿಗೆ ಹಾಕೋಣು," ಎಂದ ಅಪ್ಪ.

"ಹಾಕು. ನನ್ನ ಕೈಲೆ ಆಗಲಿಲ್ಲಂದ್ರ ಅದೂ ಮೋಡಕಾ, ನಾನೂ ಮೋಡಕಾ."

ಹಬ್ಬದ ಹಿಂದಿನ ದಿನ ಕೆಲಸ ಮುಗಿಯಿತು. ಇಂಜಿನ್ ಸಲೀಸಾಗಿ ಹತ್ತಿತು. ಕ್ಲಚ್ ಹಿಡಿದು ಗೇರ್ ಹಾಕಿದ್ದೇ ತಡ, ಗಾಡಿ ಹೋರಿಯಂತೆ ಮುಂದಕ್ಕೆ ಜಿಗಿದು ನಿಂತುಬಿಟ್ಟಿತು. ವೈರು ಬಿಗಿ ಮಾಡಿದ, ಮತ್ತೆ ಜಿಗಿಯಿತು. ಸ್ಪ್ರಿಂಗಿನ ನಟ್ಟುಗಳನ್ನು ಸಮ ಮಾಡಿದ, ಆಗಲೂ ಅದೇ ಹಾಡು. ಅಜ್ಜ ಕಟ್ಟೆಯ ಮೇಲೆ ಕೂತು ಅಂಗೈ ನೋಡಿಕೊಂಡ.

"ನನ್ನ ಕೈ ಹೋದವು ಬಿಡವಾ," ಎಂದ ನನಗೆ. ನನಗೆ ಅಳು ಬಂತು.

ಅಜ್ಜಿ ಚಹಾ ತಂದಿಟ್ಟು, "ಇನ್ನೊಮ್ಮೆ ಬಿಚ್ಚಿ ನೋಡ್ರಿ," ಎಂದಳು.

ಮುಚ್ಚಳ ತೆಗೆದು ಪ್ಲೇಟುಗಳನ್ನು ಒಂದೊಂದಾಗಿ ಎಬ್ಬಿಸಿದ. ಅಜ್ಜ ಸೀನಿದ. ನಾನೂ ಸೀನಿದೆ. ಪ್ಲೇಟುಗಳ ನಡುವೆ ಎಣ್ಣೆಯಲ್ಲಿ ಮೆತ್ತಿಕೊಂಡು, ಕ್ಲಚ್ ಹಿಡಿದರೂ ಅವು ಬಿಡಿಯಾಗದಂತೆ ಮೆಣಸಿನ ಬೀಜಗಳು ಕೂತಿದ್ದವು.

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನೀವು ಪ್ಯಾಟಿಗೆ ಹೋದಾಗ ಈ ಪ್ಲೇಟು ಬೋಗಾಣಿ ಎಣ್ಯಾಗ ಬಿದ್ದಿದ್ವರಿ. ಹಸಿ ಅದಾವಲ್ಲ ಅಂತ ಒರಸಿ, ಮೆಣಸಿನಕಾಯಿ ಮಗ್ಗಲ ಬಿಸಲಿಗೆ ಹಾಕಿದ್ನಿ. ಒಣಗಿದ ಮ್ಯಾಲೆ ತಿರುಗಿ ಅದ ಬೋಗಾಣ್ಯಾಗ ಇಟ್ಟೆ."

ಕಾರ್ಕು ನೆನೆಯಲೆಂದೇ ಅಜ್ಜ ಎಣ್ಣೆಯಲ್ಲಿ ಬಿಟ್ಟಿದ್ದ. ಆದರೆ ಬ್ಯಾಡಗಿಯ ಹೆಂಗಸು ಒಣಗಿಸದೆ ಏನನ್ನಾದರೂ ಬಿಟ್ಟಾಳೆಯೇ? ಅಜ್ಜ ಕಣ್ಣಲ್ಲಿ ನೀರು ಬರುವಂತೆ ನಕ್ಕ. ನಗುವೋ, ಖಾರವೋ, ಯಾರು ಕೇಳಬೇಕು.

ಬೀಜ ಆರಿಸಿ, ಪ್ಲೇಟು ತೊಳೆದು, ಎಣ್ಣೆ ಕುಡಿಸಿ ಜೋಡಿಸಿದ. ಮರುದಿನ ಗೇರ್ ಬಿದ್ದರೂ ಗಾಡಿ ನಿಂತಲ್ಲೇ ಗುಡುಗುಡು ಎನ್ನುತ್ತ ಅಜ್ಜಿ ಹತ್ತುವವರೆಗೂ ಕಾಯಿತು.

ಸಾರಿಗೆ ಉಪ್ಪು ಹೆಚ್ಚಾದರೆ ಉಪ್ಪಿನದೇ ತಪ್ಪು ಎನ್ನುತ್ತಿದ್ದವಳು ನಮ್ಮಜ್ಜಿ. ಅಂದು ಕರ್ಜಗಿಯ ಹೊಳೆದಂಡೆಯಲ್ಲಿ ಬುತ್ತಿ ಬಿಚ್ಚಿದ ಹೆಂಗಸರಿಗೆಲ್ಲ, "ತಪ್ಪು ನಂದವಾ. ಇವರ ಕೈ ಬರೋಬರಿ ಅದಾವು," ಎಂದು ಹೇಳಿದ್ದೇ ಹೇಳಿದ್ದು. ಅಜ್ಜ ಕೇಳಿಸದವನಂತೆ ಎತ್ತಲೋ ನೋಡುತ್ತ ಮಾದಲಿ ತಿಂದ, ಮತ್ತೆ ಹಾಕಿಸಿಕೊಂಡ.

ಈಗ ಆ ಗಾಡಿ ಹಾವೇರಿಯಲ್ಲಿ ನನ್ನ ಬಳಿ ಇದೆ. ಖಾರದಪುಡಿ ಪಾಕೀಟಿನಲ್ಲಿ ಬರುತ್ತದೆ, ಮಾಳಿಗೆ ಖಾಲಿ. ಒಮ್ಮೊಮ್ಮೆ ಗಾಡಿ ಅಂದಿನಂತೆಯೇ ಜಿಗಿದು ನಿಲ್ಲುತ್ತದೆ. ಬಿಚ್ಚಿ ನೋಡಿದರೆ ಪ್ಲೇಟುಗಳ ನಡುವೆ ಏನೂ ಇರುವುದಿಲ್ಲ. ನಾನು ನನ್ನ ಅಂಗೈ ನೋಡಿಕೊಳ್ಳುತ್ತೇನೆ. ತಪ್ಪು ನಂದು ಅನ್ನುವವರು ಈಗ ಮನೆಯಲ್ಲಿ ಯಾರೂ ಇಲ್ಲ.