ಎರೆಹೊಲದ ಬಾಂದುಕಲ್ಲು

ಮಂಗಸೂಳಿ ಕಡೆಯ ಕರಿಮಣ್ಣಿನ ಎರೆಹೊಲದಲ್ಲಿ ಭೀಮಗೊಂಡ ಒಬ್ಬನೇ ದುಡಿಯುತ್ತಿದ್ದ. ಮದುವೆಯಾಗಲಿಲ್ಲ, ಹೆಣ್ಣು ಕೊಡಲು ಬಂದವರ ಜೊತೆಗೂ ವಾದಕ್ಕೆ ನಿಲ್ಲುವ ಮನುಷ್ಯ. ಅವನ ಬಾಯಿ ತಡೆದುಕೊಂಡವನೆಂದರೆ ಪಕ್ಕದ ಹೊಲದ ತಮ್ಮ ತವನಪ್ಪ ಮಾತ್ರ. ಎಂಬತ್ನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಆ ತಮ್ಮನ ಜೊತೆಗೂ ಕೆಡಿಸಿಕೊಂಡ.

ಅಪ್ಪ ಪಾಲು ಮಾಡಿಕೊಟ್ಟಾಗ ಇಬ್ಬರ ಹೊಲದ ನಡುವೆ ನೆಟ್ಟಿದ್ದ ಬಾಂದುಕಲ್ಲು ಭೀಮಗೊಂಡನ ಹೊಲದೊಳಗೆ ಮೊಳದಷ್ಟು ಬಂದುಬಿಟ್ಟಿತ್ತು.

“ನೀನ ಸರಿಸಿದಿ,” ಅಂದ ಭೀಮಗೊಂಡ.

“ನಾ ಮುಟ್ಟಿಲ್ಲೋ ಅಣ್ಣಾ,” ಅಂದ ತವನಪ್ಪ. ಮರುದಿನ ಬಸದಿಯಲ್ಲಿ ನಾಲ್ಕು ಜನರ ಮುಂದೆ ಆಣೆಯನ್ನೂ ಮಾಡಿದ.

“ದೇವರ ಮುಂದನೂ ಸುಳ್ಳ ಹೇಳ್ತಾನ,” ಎಂದು ಭೀಮಗೊಂಡ ಎದ್ದು ಬಂದ. ಮಾತು ಅಲ್ಲಿಗೆ ನಿಂತಿತು.

ಹೊತ್ತು ಮುಳುಗುವ ಮೊದಲು ಇಬ್ಬರೂ ಬದುವಿನ ಆಚೆ ಈಚೆ ಬುತ್ತಿ ಬಿಚ್ಚಿ, ಬೆನ್ನು ಹಾಕಿ ಕೂತು ಉಣ್ಣುತ್ತಿದ್ದರು. ತಮ್ಮನ ಹೆಂಡತಿ ಜಿನಮತಿ ಮಾಡಿದ ಕಡಲೆಹಿಟ್ಟಿನ ಝುಣಕದ ವಾಸನೆ ಗಾಳಿಗೆ ಬಂದರೆ ಭೀಮಗೊಂಡ ತನ್ನ ರೊಟ್ಟಿಯನ್ನು ಅರ್ಧಕ್ಕೇ ಕಟ್ಟಿಡುತ್ತಿದ್ದ. ಎತ್ತುಗಳ ಜೊತೆ ಮಾತಾಡಿಕೊಂಡಿದ್ದ. ಎತ್ತು ಮಾರಿದ ಮೇಲೆ ಅದೂ ತಪ್ಪಿತು. ಒಂಟಿತನ ಅವನನ್ನು ತಿನ್ನುತ್ತಿತ್ತು, ಹಟ ಮಾತ್ರ ಬಿಡಲಿಲ್ಲ.

ತೊಂಬತ್ತಮೂರರಲ್ಲಿ ಪಂಪಿಗೆಂದು ಸಣ್ಣ ಕೋಣೆ ಕಟ್ಟಿಸಿದ. ಎರಡು ಮಳೆಗಾಲದೊಳಗೆ ಗೋಡೆ ಸೀಳಿ ಮೂಲೆ ವಾಲಿತು. ಅದನ್ನು ಕಟ್ಟಿದ ಗೌಂಡಿ ದುರಗಪ್ಪನನ್ನು ಕರೆಸಿ ಬೈದ.

“ತಳದ ಗಟ್ಟಿ ಗರಸ ಮುಟ್ಟೂತನಕ ಪಾಯಾ ತಗೀತೀನಿ ಅಂದ್ರ ನೀವ ಬ್ಯಾಡ ಅಂದ್ರಿ,” ಅಂದ ದುರಗಪ್ಪ. “ಎರಿ ಮ್ಯಾಲ ಏನೂ ನೆಟ್ಟಗ ನಿಲ್ಲಂಗಿಲ್ರಿ.”

ಭೀಮಗೊಂಡ ಯಾರ ಮಾತು ನಂಬಿದವನು? ಗೋಡೆಯ ಬದಿಗೆ ತಾನೇ ಗುಂಡಿ ತೋಡಿದ. ಮೇಲೆ ಬಿರುಕುಬಿಟ್ಟ ಕರಿಮಣ್ಣು. ಅದರ ಹುಡಿ ಬಿರುಕಿನೊಳಗೆ ಆಳಕ್ಕೆ ಉದುರಿತ್ತು. ಕೆಳಗೆ ಸುಣ್ಣದ ಹರಳು ಬೆರೆತ ಜಿಗುಟು ಮಣ್ಣು. ಮಳೆಗೆ ಉಬ್ಬಿದಾಗ ಹೆಂಟೆಗೆ ಹೆಂಟೆ ಉಜ್ಜಿ, ಅವುಗಳ ಮೈ ಎಣ್ಣೆ ಸವರಿದಂತೆ ನುಣುಪಾಗಿತ್ತು. ಎದೆಮಟ್ಟ ಇಳಿದ ಮೇಲೆ ಗರಸು ಸಿಕ್ಕಿತು. ಕರಿಕಲ್ಲು ಕೊಳೆತು ಇನ್ನೂ ಮಣ್ಣಾಗುತ್ತಿದ್ದ ಆ ಪದರದಲ್ಲಿ ಬಿರುಕೇ ಇರಲಿಲ್ಲ.

ಅಪ್ಪ ಬಾಂದುಕಲ್ಲು ಹುಗಿದದ್ದು ಗರಸಿನ ತನಕ ಅಲ್ಲ, ಬರೀ ಮೊಣಕಾಲಾಳಕ್ಕೆ. ವರ್ಷ ವರ್ಷವೂ ಎರೆ ಸೀಳಿ, ಉಬ್ಬಿ, ಗೋಡೆಯಂತೆ ಅದನ್ನೂ ಇಳಿಜಾರಿಗೆ, ಭೀಮಗೊಂಡನ ಹೊಲದ ಕಡೆಗೆ, ವಾಲಿಸಿತ್ತು. ವಾಲಿದ ಕಲ್ಲಿನ ತಲೆ ಎಲ್ಲಿತ್ತೋ ಅಲ್ಲೇ ಬುಡ ಹುಗಿದು ನೆಟ್ಟಗೆ ಮಾಡುತ್ತ ಬಂದವನು ಭೀಮಗೊಂಡನೇ. ಇದು ಹೊಳೆದಾಗ ಅವನು ಗುಂಡಿಯಲ್ಲೇ ಕೂತು ಅತ್ತ.

ಮೈಮೇಲಿನ ಮಣ್ಣನ್ನೂ ಕೊಡವದೆ, ಒಂದು ಹೆಂಟೆ ಹಿಡಿದುಕೊಂಡು ತಮ್ಮನ ಮನೆಗೆ ಹೋದ.

“ತವನಪ್ಪಾ, ನೀ ಸರಿಸಿಲ್ಲ. ಮಣ್ಣ ವಾಲಿಸೈತಿ, ನಾನ ತಪ್ಪ ಜಾಗಾದಾಗ ಹುಗದೀನಿ. ಕಣ್ಣಾರೆ ನೋಡಿ ಬಂದೀನಿ.”

ತವನಪ್ಪ ಹೆಂಟೆಯನ್ನು ತಿರುಗಿಸಿ ನೋಡಿ ಕಟ್ಟೆಯ ಮೇಲಿಟ್ಟ.

“ಮಣ್ಣ ಹೇಳಿದ ಮ್ಯಾಲ ನಂಬಿದಿ,” ಅಂದ. “ನಾ ಹೇಳಿದಾಗ ನಂಬಲಿಲ್ಲ.”

ಜಿನಮತಿ ನೀರು ತಂದಿಟ್ಟಳು. ಭೀಮಗೊಂಡ ಕುಡಿದು ತಂಬಿಗೆ ಕೆಳಗಿಟ್ಟು ಎದ್ದ. ತಮ್ಮ ಕೂರು ಅನ್ನಲಿಲ್ಲ.