ಒಲೆ ಹೊರಳಿಸಿದ ಅಕ್ಕ

ಖಾನಾವಳಿ ಹಾಕುವವರಿಗೆ ನನ್ನದೊಂದು ಮಾತು: ಆಳು ಹೆಚ್ಚಿಸುವ ಮೊದಲು ಒಲೆ ಯಾವ ಕಡೆ ಮುಖ ಮಾಡಿದೆ ನೋಡಿರಿ. ನನಗಿದನ್ನು ಕಲಿಸಿದವಳು ಗುಡಗೇರಿಯ ನನ್ನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅಕ್ಕ. ಹಿಟ್ಟಿನ ಕೈಯನ್ನು ದೂರ ಹಿಡಿದು, ಮೊಣಕೈಯಿಂದ ಬೆವರು ಒರೆಸಿಕೊಳ್ಳುತ್ತ, "ಕಣ್ಣಿದ್ದಲ್ಲಿ ಬಾಯಿ ಯಾಕ?" ಅನ್ನುತ್ತಿದ್ದಳು.

ಅವಳಿಗೂ ಉಣ್ಣುವವರಿಗೂ ನಡುವೆ ಗೋಡೆಯಿತ್ತು. ಸಂತೆಯ ದಿನ ಬಡಿಸುವವರು ಆಚೆಯಿಂದ ಒದರಿದ್ದೆಲ್ಲ ರೊಟ್ಟಿಯ ಸಪ್ಪಳದಲ್ಲಿ ಮುಳುಗುತ್ತಿತ್ತು. ರೊಟ್ಟಿ ಹೊತ್ತಿಗೆ ಸಿಗದೆ, ರೈಲು ಬಂತೆಂದು ಗಿರಾಕಿಗಳು ಅರ್ಧ ಊಟಕ್ಕೇ ಎದ್ದು ಹೋಗುತ್ತಿದ್ದರು. ಮುಂದಿನ ವಾರ ಎದುರಿನ ಖಾನಾವಳಿಗೆ ಹೋಗುತ್ತಿದ್ದರು. ಹೀಗೇ ನಡೆದರೆ ನಾನು ಬಾಗಿಲು ಹಾಕಬೇಕಿತ್ತು.

"ಗ್ವಾಡಿ ಒಡಸ್ರಿ, ಒಲಿ ಈ ಕಡೆ ಹೊಳ್ಳಸ್ರಿ" ಎಂದಳು ಅಕ್ಕ.

"ಗಂಡಸರ ಎದುರಿಗೆ ಕುಂತು ರೊಟ್ಟಿ ಬಡೀತೀ ಏನ ಯಕ್ಕಾ?"

"ಮನ್ಯಾಗ ನೀವು ಕಣ್ಣ ಮುಚ್ಚಿಕೊಂಡು ಉಣ್ತೀರೇನ್ರಿ ಸಾವಕಾರ್ರ?"

ಹಾರೆ ತರಿಸಿ ಗೋಡೆಯನ್ನು ಮೊಣಕಾಲೆತ್ತರಕ್ಕೆ ಇಳಿಸಿದೆ, ಒಲೆಯನ್ನು ಉಣ್ಣುವವರ ಕಡೆ ಹೊರಳಿಸಿದೆ. ಮುಂದಿನ ಸಂತೆಗೆ ಅಕ್ಕ ತಟ್ಟೆ ನೋಡಿ ರೊಟ್ಟಿ ಬಡಿದಳು, ಗದ್ದ ಎತ್ತಿ ಬಡಿಸುವವರಿಗೆ ರೊಟ್ಟಿ ಮುಗಿದ ಸಾಲು ತೋರಿಸಿದಳು. ಯಾರೂ ಒದರಲಿಲ್ಲ. ರೈಲು ಸೀಟಿ ಹಾಕಿದಾಗ ಕೊನೆಯ ಗಿರಾಕಿ ಹೊಟ್ಟೆ ತುಂಬಿ ಕೈ ತೊಳೆಯುತ್ತಿದ್ದ.

ಬಾಗಿಲಲ್ಲಿ ಎದುರಿನ ಖಾನಾವಳಿಯ ಮಾಲೀಕ ನಿಂತು ನಮ್ಮ ಒಲೆಯನ್ನೇ ನೋಡುತ್ತಿದ್ದ.

ಅಕ್ಕ ಕೈ ನಿಲ್ಲಿಸಲಿಲ್ಲ. "ಗ್ವಾಡಿ ಒಡ್ಯಾಕ ಹಾರಿ ಬೇಕೇನ್ರಿ ಕಾಕಾ? ಮೊದಲ ಕುಂತು ಉಣ್ರಿ!"