ಕೈಗೇರದ ಬಳೆ

ದಾವಣಗೆರೆ ಇನ್ನೂ ಮಿಲ್ಲಿನ ಕೂಗಿಗೆ ಏಳುತ್ತಿದ್ದ ಕಾಲದಲ್ಲಿ ನಾನು ಆ ಓಣಿಗೆ ಸೊಸೆಯಾಗಿ ಬಂದೆ. ಪಕ್ಕದ ಮನೆಯ ಅಕ್ಕನ ಗಂಟಲಲ್ಲಿ ಗಡ್ಡೆಯಿತ್ತು. ಎಷ್ಟು ಉಂಡರೂ ಮೈಗೆ ಹತ್ತುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಬಳೆ ಜಾರಿ ಹಿಟ್ಟಿಗೆ ಬೀಳುತ್ತಿದ್ದವು. ಹೇಗಿದ್ದೀರಿ ಎಂದರೆ ಒಂದೇ ಮಾತು: "ನನ್ನ ಸುದ್ದಿ ಬಿಡವ್ವ, ನೀ ಉಂಡ್ಯಾ?"

ಅವಳ ಗಂಡ ಬೆಂಗಳೂರಿಗೆ ಕರೆದೊಯ್ದು ಆಪರೇಷನ್ ಮಾಡಿಸಿದ. ಗಾಯ ಮಾಗಿತು, ಆದರೆ ಈಗ ಅರೆಹೊಟ್ಟೆ ಉಂಡರೂ ಊದತೊಡಗಿದಳು. ಮುಟ್ಟೂ ನಿಂತಿತು. ಗಡ್ಡೆ ತೆಗೆದ ಮೇಲೆ ಹೀಗಾಗುವುದುಂಟು ಎಂದು ಡಾಕ್ಟರು ಗುಳಿಗೆ ಕೊಟ್ಟರು. ಓಣಿಯ ಹೆಂಗಸರು ಮಾತ್ರ ಬಸುರಿ ಎಂದೇ ತೀರ್ಮಾನಿಸಿದರು. ಅಲ್ಲವೆಂದು ಅವಳು ಹೇಳಿದಷ್ಟೂ, ದೃಷ್ಟಿಗೆ ಹೆದರಿ ಮುಚ್ಚಿಡುತ್ತಾಳೆ ಎಂದು ನಕ್ಕರು. ಸುದ್ದಿ ಹರಿಹರದ ತವರಿಗೂ ಮುಟ್ಟಿತು.

ಮಕ್ಕಳಿಲ್ಲದ ಮಗಳಿಗೆ ಚೊಚ್ಚಲ ಬಸುರಿನ ಕುಬುಸ ಶಾಸ್ತ್ರ ಮಾಡಲೆಂದು ಅವಳ ತಾಯಿ ಹಸಿರು ಸೀರೆ, ಹಸಿರು ಬಳೆ, ಬುಟ್ಟಿ ತುಂಬ ಹೋಳಿಗೆ ಹೊತ್ತು ಬಂದಳು. ಓಣಿಯವರೆಲ್ಲ ಸೇರಿದೆವು. ಮಗಳ ಹಳೆಯ ಸಣಕಲು ಕೈ ನೆನೆದು ತಂದ ಬಳೆ ಗೆಣ್ಣು ದಾಟಲಿಲ್ಲ.

"ಬಸುರಿ ಕೈ ಊದ್ತೈತೆ, ತಡಿ," ಎಂದು ತಾಯಿ ಒತ್ತುತ್ತಲೇ ಇದ್ದಳು.

"ಬ್ಯಾಡವ್ವ," ಎಂದಳು ಅಕ್ಕ. "ಹೊಟ್ಟ್ಯಾಗೆ ಏನೂ ಇಲ್ಲ. ಇದು ಗಡ್ಡೆ ತೆಗ್ಸಿದ ಮೈ."

ತಾಯಿ ಬಳೆ ಹಿಡಿದುಕೊಂಡೇ ಕೂತಳು. ಅಕ್ಕನೇ ಎದ್ದು ನಮಗೆಲ್ಲ ಹೋಳಿಗೆ ಬಡಿಸಿದಳು.

ಮುಂದೆ ನನ್ನ ಕುಬುಸದ ದಿನ ಅಕ್ಕ ಅವೇ ಬಳೆ ತಂದು ತೊಡಿಸಿದಳು. ಸಲೀಸಾಗಿ ಏರಿದವು.

"ಅಕ್ಕಾ, ಇವು ನಿಮ್ಮವು..." ಎಂದೆ.

ಊದಿದ ಬೆರಳುಗಳಿಂದ ನನ್ನ ಬಾಯಿಗೆ ತುತ್ತಿಟ್ಟಳು.

"ನನ್ನ ಸುದ್ದಿ ಬಿಡವ್ವ, ನೀ ಉಣ್ಣು."